ಯುದ್ಧದಲ್ಲಿ ಅಂಗಭಂಗ: ಶಾಸ್ತ್ರಮರ್ಯಾದೆಯೂ ಮೈಸೂರು ಸೀಮೆಯ ಚರಿತ್ರೆಯೂ

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹಿಂದಿನಿಂದಲೂ ಎರಡು ದಾರಿಗಳುಂಟು. ಪಡುವಣ ದಾರಿಯು ಬಿಡದಿ, ರಾಮಗಿರಿ, ಚನ್ನಪಟ್ಟಣ, ಮದ್ದೂರುಗಳ ಮೇಲೆ ಹೋಗುತ್ತದೆ. ಮೂಡಣ ದಾರಿಯು ಹಾರೋಹಳ್ಳಿ, ಕಾನಕಾನಹಳ್ಳಿ, ಮಳವಳ್ಳಿಗಳ ಮೇಲೆ ಹೋಗುತ್ತದೆ. ಈ ಎರಡು ದಾರಿಗಳ ನಡುವೆ, ವೃಷಭಾವತಿಯು ಅರ್ಕಾವತಿಯನ್ನು ಕೂಡಲು ಹರಿಯುವ ತಗ್ಗಿನಲ್ಲಿ, ಬೈರಮಂಗಲವೆಂಬ ಗ್ರಾಮವಿದೆ. ಬಡಗಣ ದಿಕ್ಕಿಗೆ ಮಾಗಡಿ ಮತ್ತು ಸಾವನದುರ್ಗ, ಪಡುವಲಿಗೆ ರಾಮಗಿರಿ ಶಿವನಗಿರಿಗಳು, ತೆಂಕಲಿಗೆ ಕಾನಕಾನಹಳ್ಳಿ: ಹೀಗೆ ಕೋಟೆಕೊತ್ತಲಗಳಿಂದ ಸುತ್ತುವರಿದ ಈ ಸೀಮೆಯ ಒಕ್ಕಲುಗಳಿಗೆ ಮೈಸೂರಿನ ಯುದ್ಧಗಳು ಮನೆಯ ಮುಂದಿನ ಸಂಗತಿಗಳೇ ಆಗಿದ್ದುವು. ದಂಡು ಯಾವ ಕಡೆಯಿಂದ ಬಂದರೂ ಈ ದಾರಿಗಳಲ್ಲಿಯೇ ಬರಬೇಕು, ಯಾವ ಕಡೆಗೆ ಓಡಿದರೂ ಈ ದಾರಿಗಳಲ್ಲಿಯೇ ಓಡಬೇಕು.

ಈ ಯುದ್ಧಗಳ ಜಯಾಪಜಯಗಳನ್ನೂ ಸಂಧಿವಿಗ್ರಹಗಳನ್ನೂ ಕುರಿತು ಗ್ರಂಥಗಳು ಬೇಕಾದಷ್ಟಿವೆ. ಆದರೆ ಕೈಗೆ ಸಿಕ್ಕ ಶತ್ರುವಿನ ದೇಹವನ್ನು ಏನು ಮಾಡಬಹುದು, ಏನು ಮಾಡಬಾರದು ಎಂಬ ಪ್ರಶ್ನೆಯನ್ನು ಅಂದಿನವರು ಹೇಗೆ ತೀರ್ಮಾನಿಸಿಕೊಂಡರು ಎಂಬುದರ ವಿಚಾರವು ಅಷ್ಟಾಗಿ ನಡೆದಿಲ್ಲ. ಸೆರೆಯಾಳಿಗೆ ಚಿತ್ರಹಿಂಸೆ ಕೊಡುವುದು, ಅವನ ಮೂಗು ಕಿವಿಗಳನ್ನು ಕೊಯ್ಯುವುದು, ಇವು ಯುದ್ಧಕಾಲದಲ್ಲಿ ಕ್ಷಮ್ಯವೇ? ಈ ಪ್ರಶ್ನೆಗೆ ಶಾಸ್ತ್ರಗಳು ಒಂದು ಉತ್ತರವನ್ನು ಕೊಟ್ಟಿವೆ; ಚರಿತ್ರೆಯು ಬೇರೊಂದು ರೀತಿಯಲ್ಲಿ ನಡೆದಿದೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವುದೇ ಪ್ರಕೃತ ಲೇಖನದ ಉದ್ದೇಶ.

1. ಶಾಸ್ತ್ರಗಳ ಮಾತು

ಮೊದಲು ಶಾಸ್ತ್ರವನ್ನು ನೋಡೋಣ. ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ರಾಜಧರ್ಮವನ್ನು ಹೇಳುವ ಪ್ರಕರಣದಲ್ಲಿ ಯುದ್ಧದ ನಿಯಮಗಳು ಬರುತ್ತವೆ. ಗೂಢವಾದ ಆಯುಧಗಳಿಂದಲೂ ವಿಷ ಸವರಿದ ಅಥವಾ ಬೆಂಕಿಯಿಂದ ಉರಿಯುವ ಬಾಣಗಳಿಂದಲೂ ಹೊಡೆಯಬಾರದು. ಕೈ ಮುಗಿದವನನ್ನು, ತಲೆ ಕೆದರಿದವನನ್ನು, ಕುಳಿತವನನ್ನು, ಶರಣುಬಂದವನನ್ನು, ನಿದ್ರಿಸುವವನನ್ನು, ಆಯುಧವಿಲ್ಲದವನನ್ನು, ಯುದ್ಧಮಾಡದೆ ನೋಡುತ್ತ ನಿಂತವನನ್ನು ಕೊಲ್ಲಬಾರದು ಎಂದು ಅಲ್ಲಿ ವಿಧಿಸಿದೆ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಗಾಯಗೊಂಡ ಶತ್ರುವಿಗೆ ಗೆದ್ದವನು ತನ್ನ ರಾಜ್ಯದಲ್ಲಿಯೇ ಚಿಕಿತ್ಸೆ ಮಾಡಿಸಬೇಕು, ಇಲ್ಲವೆ ಅವನನ್ನು ಅವನ ಮನೆಗೆ ಕಳುಹಿಸಬೇಕು ಎಂಬುದೂ, ಅಧರ್ಮದಿಂದ ಬಂದ ಜಯವು ನಿಲ್ಲದೆ ರಾಜನನ್ನೂ ಭೂಮಿಯನ್ನೂ ಕೆಡಿಸುವುದೆಂಬುದೂ ಅವನ ಉಪದೇಶದ ಸಾರ.

ಇವು ಧರ್ಮಶಾಸ್ತ್ರದ ಮಾತುಗಳು, ಆದರ್ಶವನ್ನು ಹೇಳುವುವು, ರಾಜ್ಯವಾಳುವವನಿಗೆ ಇವುಗಳಿಂದ ಪ್ರಯೋಜನವಿಲ್ಲ ಎಂದು ಆಕ್ಷೇಪಿಸುವವರುಂಟು. ಅಂಥವರು ಕೌಟಿಲ್ಯನನ್ನು ಪ್ರಮಾಣವಾಗಿ ತರುತ್ತಾರೆ. ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅರ್ಥಶಾಸ್ತ್ರವನ್ನು ಅಚ್ಚುಮಾಡಿಸಿದಂದಿನಿಂದ ಕೌಟಿಲ್ಯನೆಂದರೆ ದಯಾದಾಕ್ಷಿಣ್ಯವಿಲ್ಲದ ನೀತಿಯ ಆಚಾರ್ಯನೆಂಬ ಪ್ರಸಿದ್ಧಿಯು ಹರಡಿದೆ. ಆ ಪ್ರಸಿದ್ಧಿಗೆ ಆಧಾರವಿಲ್ಲದೆ ಇಲ್ಲ. ಕೂಟಯುದ್ಧವನ್ನೂ ವಿಷಪ್ರಯೋಗವನ್ನೂ ಗೂಢಚಾರರ ಕೈಯಿಂದ ಕೊಲ್ಲಿಸುವುದನ್ನೂ ಅವನು ಹೇಳಿದ್ದಾನೆ. ನಾಲ್ಕನೆಯ ಅಧಿಕರಣದ ವಾಕ್ಯಕರ್ಮಾನುಯೋಗವೆಂಬ ಪ್ರಕರಣದಲ್ಲಿ ಅಪರಾಧಿಯನ್ನು ಹಿಂಸಿಸಿ ವಿಚಾರಿಸುವ ಕ್ರಮವನ್ನೇ ಹೇಳಿದ್ದಾನೆ. ಆದುದರಿಂದಲೇ ಅವನ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಕಠಿನನಾದವನು ಎಲ್ಲಿ ಕೈತಡೆಯುತ್ತಾನೋ ಅಲ್ಲಿ ತಡೆಯಲು ಬಲವಾದ ಕಾರಣವಿರಬೇಕು.

ಆ ಪ್ರಕರಣವನ್ನು ಗಮನವಿಟ್ಟು ಓದಿದರೆ ಮೂರು ಸಂಗತಿಗಳು ತೋರಿಬರುತ್ತವೆ. ಮೊದಲನೆಯದು, ದೋಷವು ಬಹುಮಟ್ಟಿಗೆ ಸ್ಥಿರಪಟ್ಟವನನ್ನು ಮಾತ್ರವೇ ಹಿಂಸೆಗೆ ಗುರಿಮಾಡಬೇಕೆಂಬ ಕಟ್ಟು. ಎರಡನೆಯದು, ಬಾಲರು, ವೃದ್ಧರು, ರೋಗಿಗಳು, ಮತ್ತರು, ಉನ್ಮತ್ತರು, ಹಸಿವು ಬಾಯಾರಿಕೆ ದಾರಿನಡೆಗಳಿಂದ ಬಳಲಿದವರು, ದುರ್ಬಲರು, ಗರ್ಭಿಣಿಯರು, ಹೆತ್ತು ತಿಂಗಳಾಗದ ಬಾಣಂತಿಯರು ಇವರಿಗೆ ಕೊಟ್ಟಿರುವ ವಿನಾಯಿತಿ. ಮೂರನೆಯದು ಮಾಂಡವ್ಯನ ದೃಷ್ಟಾಂತ. ಕಳ್ಳನಲ್ಲದ ಮಾಂಡವ್ಯನು ಹಿಂಸೆಯ ನೋವಿಗೆ ಅಂಜಿ ತಾನೇ ಕಳ್ಳನೆಂದು ಒಪ್ಪಿಕೊಂಡನು. ಆದುದರಿಂದ ಬೇರೆ ಪ್ರಮಾಣಗಳಿಂದ ಪೂರ್ತಿಯಾಗಿ ಸಿದ್ಧವಾದ ಮೇಲೆಯೇ ದಂಡಿಸಬೇಕು ಎಂದು ಕೌಟಿಲ್ಯನು ಹೇಳುತ್ತಾನೆ. ಮಹಾಭಾರತದ ಕಥೆಯಲ್ಲಿ ಈ ಋಷಿಯು ಮೌನವ್ರತದಲ್ಲಿದ್ದು ಏನೂ ಹೇಳದೆ ಶೂಲಕ್ಕೇರುವನು. ಅರ್ಥಶಾಸ್ತ್ರದ ಕಥೆಯಲ್ಲಿ ಅವನು ನೋವಿಗೆ ಹೆದರಿ ಸುಳ್ಳು ಹೇಳುವನು. ಈ ವ್ಯತ್ಯಾಸವನ್ನು ವಿದ್ವಾಂಸರು ಗಮನಿಸಬೇಕು. ಹಿಂಸೆಯಿಂದ ಹೊರಡುವ ಮಾತು ಸತ್ಯವೆಂದು ನಂಬತಕ್ಕದ್ದಲ್ಲವೆಂಬುದು ಹಿಂಸೆಯ ವಿಧಿಯನ್ನು ಬರೆದ ಆಚಾರ್ಯನಿಗೇ ಚೆನ್ನಾಗಿ ಗೊತ್ತಿತ್ತು.

ಇದು ಕಳ್ಳನ ವಿಷಯ. ಯುದ್ಧದಲ್ಲಿ ಕೈಸೆರೆಯಾದವನ ವಿಷಯವೇನು? ಹದಿಮೂರನೆಯ ಅಧಿಕರಣವು ದುರ್ಗವನ್ನು ಮುತ್ತುವ ಪ್ರಕರಣ. ಅಲ್ಲಿ ಕೋಟೆಯನ್ನು ಹೊಕ್ಕ ಸೈನ್ಯವು ಯಾರಿಗೆ ಅಭಯವನ್ನು ಕೊಡಬೇಕೆಂಬುದನ್ನು ಎಣಿಸಿದೆ: ಬಿದ್ದವರು, ಬೆನ್ನುತಿರುಗಿಸಿದವರು, ಶರಣಾದವರು, ತಲೆಗೂದಲು ಬಿಚ್ಚಿದವರು, ಶಸ್ತ್ರವನ್ನು ಬಿಟ್ಟವರು, ಭಯದಿಂದ ಮುಖಗೆಟ್ಟವರು, ಮತ್ತು ಯುದ್ಧಮಾಡದವರು. ಕಳ್ಳನಿಗೆ ಹಿಂಸೆಯನ್ನು ಅಳೆದು ಕೊಟ್ಟ ಕೌಟಿಲ್ಯನು ಸೋತ ಸೈನಿಕನಿಗೆ ಅಭಯವನ್ನೇ ವಿಧಿಸುತ್ತಾನೆ. ಈ ವಿಧಿಗೆ ಕಾರಣವು ದಯೆಯಲ್ಲ, ಉಪಾಯವಷ್ಟೆ ಎಂದು ಯಾರಾದರೂ ಹೇಳಿಯಾರು. ಸೋತ ರಾಜನ ಭೂಮಿ ಧನ ಮಡದಿ ಮಕ್ಕಳಿಗೆ ಆಸೆಪಟ್ಟವನ ಮೇಲೆ ರಾಜಮಂಡಲವೇ ಹೆದರಿ ತಿರುಗಿಬೀಳುವುದೆಂದು ಅವನೇ ಏಳನೆಯ ಅಧಿಕರಣದಲ್ಲಿ ಹೇಳಿರುವುದೂ ನಿಜ. ಆದರೆ ಕಾರಣವು ಯಾವುದೇ ಆಗಲಿ, ಒಂದು ವಿಷಯವು ಇದರಿಂದ ಸಿದ್ಧವಾಗುತ್ತದೆ. ಅಪರಾಧಿ ಬೇರೆ, ಶತ್ರು ಬೇರೆ. ದಂಡನೀತಿಯಲ್ಲಿ ಮೂಗು ಕಿವಿಗಳ ಛೇದವು ಶಿಕ್ಷೆಯಾಗಿ ಬರುತ್ತದೆ, ಸ್ಮೃತಿಗಳಲ್ಲಿಯೂ ಬರುತ್ತದೆ. ಯುದ್ಧಧರ್ಮದಲ್ಲಿ ಅದಕ್ಕೆ ಸ್ಥಾನವಿಲ್ಲ. ಶತ್ರುವಿನ ಮೂಗನ್ನು ಕೊಯ್ಯುವವನು ಮೊದಲು ಶತ್ರುವನ್ನು ಅಪರಾಧಿಯೆಂದು ಕರೆಯಬೇಕಾಗುತ್ತದೆ. ಮುಂದೆ ಹೇಳುವ ಸಂಗತಿಗಳಿಗೆಲ್ಲ ಈ ಭೇದವೇ ಕೀಲು.

2. ಮಧುರೆಯ ಯುದ್ಧ

ಮೈಸೂರಿನ ಚರಿತ್ರೆಯಲ್ಲಿ ಮೂಗು ಕೊಯ್ಯುವ ಯುದ್ಧವೆಂದು ಹೆಸರಾದುದು ಕಂಠೀರವ ನರಸರಾಜ ಒಡೆಯರ (1638–1659) ಆಳಿಕೆಯ ಕೊನೆಯ ಭಾಗದಲ್ಲಿ ನಡೆಯಿತು. ಬಿಜಾಪುರದ ರಣದುಲ್ಲಾಖಾನನ ದಂಡನ್ನು ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿಸಿದ ಈ ಅರಸನ ಪರಾಕ್ರಮವನ್ನು ಗೋವಿಂದವೈದ್ಯನು 1648ರಲ್ಲಿ ಸಾಂಗತ್ಯಕಾವ್ಯವಾಗಿ ರಚಿಸಿದ್ದಾನೆ. ಕನ್ನಡ ವಿದ್ಯಾರ್ಥಿಗಳಿಗೆ ಆ ಕಾವ್ಯವು ಪರಿಚಿತವೇ ಆಗಿದೆ. ಕಾವ್ಯವು ಮುಗಿದ ಕೆಲವು ವರ್ಷಗಳ ಮೇಲೆ, 1656ರ ಸುಮಾರಿನಲ್ಲಿ, ಮೈಸೂರಿನ ಸೈನ್ಯವು ಸತ್ಯಮಂಗಲದ ಮೇಲೆ ಇಳಿದು ಮಧುರೆಯ ತಿರುಮಲನಾಯಕನ ರಾಜ್ಯವನ್ನು ಹೊಕ್ಕಿತು. ಆ ಕಾಲದಲ್ಲಿ ಮಧುರೆಯ ಪ್ರಾಂತದಲ್ಲಿದ್ದ ಜೆಸ್ವಿಟ್ ಪಾದ್ರಿಗಳು ತಮ್ಮ ಮಠಕ್ಕೆ ಬರೆದ ಪತ್ರಗಳಲ್ಲಿ ಈ ದಂಡಯಾತ್ರೆಯ ವೃತ್ತಾಂತವಿದೆ. ಮೈಸೂರಿನ ಸೈನಿಕರು ಕೈಗೆ ಸಿಕ್ಕವರ ಮೂಗನ್ನು ಮೇಲ್ದುಟಿಯೊಡನೆ ಕೊಯ್ಯುತ್ತಿದ್ದರೆಂದೂ, ಅದಕ್ಕೆಂದೇ ಕಬ್ಬಿಣದ ಸಾಧನವಿತ್ತೆಂದೂ, ಕೊಯ್ದ ಮೂಗುಗಳಿಗೆ ಬಹುಮಾನವಿತ್ತೆಂದೂ ಅವುಗಳಲ್ಲಿ ಹೇಳಿದೆ. ಮುದುಕನೂ ರೋಗಿಯೂ ಆಗಿದ್ದ ತಿರುಮಲನಾಯಕನು ರಾಮನಾಡಿನ ಸೇತುಪತಿಯನ್ನು ಕರೆಯಿಸಿಕೊಂಡನು. ಸೇತುಪತಿಯ ದಂಡು ಮೈಸೂರಿನವರನ್ನು ಹಿಂದಕ್ಕಟ್ಟಿತು. ಆಮೇಲೆ ಮಧುರೆಯ ಸೈನ್ಯವು ಮೈಸೂರಿನ ಸೀಮೆಯನ್ನು ಹೊಕ್ಕು ಅಲ್ಲಿಯ ಜನರ ಮೂಗುಗಳನ್ನು ಕೊಯ್ಯಿತು.

ಈ ಸಾಕ್ಷ್ಯವನ್ನು ಹೇಗೆ ಗ್ರಹಿಸಬೇಕು? ಪಾದ್ರಿಗಳು ಮಧುರೆಯ ಆಶ್ರಯದಲ್ಲಿದ್ದವರು. ಮೈಸೂರಿನ ಮೇಲೆ ಅವರಿಗೆ ಪಕ್ಷಪಾತವಿರಲು ಕಾರಣವಿಲ್ಲ. ಮಧುರೆಯ ಕಡೆಯವರು ಮೈಸೂರಿನ ಅರಸನ ಮೂಗನ್ನೇ ಕೊಯ್ದರೆಂಬ ವದಂತಿಗೆ ಬೇರೆ ಆಧಾರವಿಲ್ಲವಾಗಿ ಅದನ್ನು ಚರಿತ್ರಕಾರರು ಬಿಟ್ಟಿದ್ದಾರೆ, ಬಿಡತಕ್ಕದ್ದೂ ಹೌದು. ಆದರೆ ಅರಸನ ಮೂಗಿನ ಸಂಗತಿಯು ಸುಳ್ಳಾದ ಮಾತ್ರಕ್ಕೆ ಒಕ್ಕಲುಗಳ ಮೂಗಿನ ಸಂಗತಿಯು ಸುಳ್ಳಾಗುವುದಿಲ್ಲ. ಎರಡು ಕಡೆಯವರೂ ಕೊಯ್ದರೆಂದು ಒಂದೇ ಸಾಕ್ಷಿಯು ಹೇಳುವಾಗ ಅವನನ್ನು ಕೇವಲ ಒಂದು ಪಕ್ಷದವನೆಂದು ತಳ್ಳಿಹಾಕುವುದು ಕಷ್ಟ. ಈ ವೃತ್ತಾಂತದಿಂದ ಮುಖ್ಯವಾಗಿ ತಿಳಿಯತಕ್ಕದ್ದೇನೆಂದರೆ, ಮೂಗು ಕೊಯ್ಯುವುದು ಶತ್ರುವನ್ನು ಹೆದರಿಸಿ ಯುದ್ಧವನ್ನು ಬೇಗ ಮುಗಿಸುವ ಉಪಾಯವಾಗಿ ಆರಂಭವಾಗಿ, ಶತ್ರುವನ್ನು ಹೆದರಿಸದೆ, ಅದೇ ಶಸ್ತ್ರವನ್ನು ಅವನ ಕೈಗೂ ಕೊಟ್ಟಿತು. ಸತ್ಯಮಂಗಲದ ಕಡೆ ಕೊಯ್ದ ಮೂಗಿನ ಲೆಕ್ಕವನ್ನು ಮೈಸೂರಿನ ಕಡೆಯ ಹಳ್ಳಿಗರು ತೀರಿಸಿದರು. ಅಪ್ಪಣೆ ಕೊಟ್ಟವರು ತೀರಿಸಲಿಲ್ಲ.

3. ನಿಜಗಲ್ಲಿನ ಕಿಲ್ಲೇದಾರ

ಮಧುರೆಯ ಯುದ್ಧವಾದ ಮೇಲೆ ನೂರಕ್ಕೆ ಮಿಕ್ಕಿ ವರ್ಷಗಳು ಕಳೆದುವು. ಯಲಹಂಕದ ಪ್ರಭುಗಳ ವಂಶದ ಕಡೆಯ ಕೆಂಪೇಗೌಡನಿಂದ ಮಾಗಡಿ ಸಾವನದುರ್ಗಗಳನ್ನು ಮೈಸೂರಿನ ದಳವಾಯಿಯು 1728ರಲ್ಲಿ ತೆಗೆದುಕೊಂಡನು. ಗೌಡನು ಶ್ರೀರಂಗಪಟ್ಟಣದ ಸೆರೆಯಲ್ಲಿಯೇ ತೀರಿಕೊಂಡನು. ಮುಂದೆ ರಾಜ್ಯವು ಹೈದರಾಲಿಯ ಕೈಗೆ ಬಂದಿತು. ಹೈದರನ ಮೇಲೆ ದಂಡೆತ್ತಿ ಬಂದ ಪೇಶ್ವೆ ಮಾಧವರಾಯನು 1770ರಲ್ಲಿ ಮಾಗಡಿಯ ಸೀಮೆಗೆ ಬಡಗಲಾಗಿ ಬೆಂಗಳೂರು ತುಮಕೂರುಗಳ ದಾರಿಯ ಮೇಲಿರುವ ನಿಜಗಲ್ಲು ದುರ್ಗವನ್ನು ಮುತ್ತಿದನು. ಪೇಶ್ವೆಗೆ ಆಗ 25 ವರ್ಷ ವಯಸ್ಸು. ದುರ್ಗದ ಕಿಲ್ಲೇದಾರನು ಸರ್ದಾರ್‌ಖಾನನೆಂಬುವನು. ಸಣ್ಣದೆಂದು ತೋರಿದ ಆ ಬೆಟ್ಟದ ಕೋಟೆಯು ಮಹಾರಾಷ್ಟ್ರರ ದೊಡ್ಡ ದಂಡನ್ನು ಬಹುಕಾಲ ತಡೆದು ನಿಲ್ಲಿಸಿತು. ಕಡೆಗೆ ಚಿತ್ರದುರ್ಗದ ಪಾಳೆಯಗಾರನ ಜನರ ಸಹಾಯದಿಂದ ಅದು ಕೈವಶವಾಯಿತು.

ಮುಂದಿನ ಸಂಗತಿಯನ್ನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಿಂದ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ತನ್ನ ಚರಿತ್ರೆಯಲ್ಲಿ ಹೇಳಿದ್ದಾನೆ. ಇಷ್ಟು ದಿನ ತಡೆದುದಕ್ಕೂ ತನ್ನ ಕಡೆ ಆದ ನಷ್ಟಕ್ಕೂ ಕೋಪಗೊಂಡ ಪೇಶ್ವೆಯು ಉಳಿದ ಕಾವಲಿನವರ ಮೂಗು ಕಿವಿಗಳನ್ನು ಕೊಯ್ಯುವಂತೆ ಅಪ್ಪಣೆ ಮಾಡಿದನು. ಕಿಲ್ಲೇದಾರನನ್ನು ಎದುರಿಗೆ ತರಿಸಿ, ಅವನಿಗೂ ಅದೇ ಶಿಕ್ಷೆಯು ತಕ್ಕುದಲ್ಲವೇ ಎಂದು ಕೇಳಿದನು. ಅದಕ್ಕೆ ಸರ್ದಾರ್‌ಖಾನನು, ಅಂಗಭಂಗವಾಗುವುದು ತನಗೆ, ಆದರೆ ಅದರ ಅಪಕೀರ್ತಿ ಬರುವುದು ಪೇಶ್ವೆಗೆ ಎಂಬರ್ಥದ ಉತ್ತರವನ್ನು ಕೊಟ್ಟನು. ಪೇಶ್ವೆಯು ಸ್ವಲ್ಪ ಹೊತ್ತು ಆಲೋಚಿಸಿ ಅವನಿಗೆ ಯಾವ ಕೇಡನ್ನೂ ಮಾಡದೆ ಬಿಟ್ಟುಬಿಟ್ಟನು.

ವಿಲ್ಕ್ಸನು ಇದನ್ನು ಬರೆದುದು ನಡೆದ 40 ವರ್ಷಗಳ ಮೇಲೆ. ಆದರೂ ಹೈದರನಿಗೂ ಪೇಶ್ವೆಗೂ ನಡೆದ ಈ ಜಗಳದಲ್ಲಿ ಅವನು ಯಾವ ಕಡೆಯವನೂ ಅಲ್ಲ. ಕಥೆಯು ಪೇಶ್ವೆಯ ಕೋಪವನ್ನೂ ಅವನ ವಿವೇಕವನ್ನೂ ಒಟ್ಟಿಗೆ ತೋರಿಸುತ್ತದೆ. ಹೈದರನ ಸೇವಕನ ಧೈರ್ಯವನ್ನೂ ಮುಚ್ಚುವುದಿಲ್ಲ. ಹೊಗಳುವುದಕ್ಕೆ ಮಾತ್ರ ಕಟ್ಟಿದ ಕಥೆಯಾಗಲಿ ಹಳಿಯುವುದಕ್ಕೆ ಮಾತ್ರ ಕಟ್ಟಿದ ಕಥೆಯಾಗಲಿ ಈ ರೀತಿಯಲ್ಲಿರುವುದಿಲ್ಲ.

ಈ ಸಂವಾದದಲ್ಲಿ ಪೇಶ್ವೆಯ ಪ್ರಶ್ನೆಯನ್ನು ಮೊದಲು ಪರಿಶೀಲಿಸಬೇಕು. ಶಿಕ್ಷೆಯು ತಕ್ಕುದಲ್ಲವೇ ಎಂಬುದು ನ್ಯಾಯಾಧಿಪತಿಯು ಅಪರಾಧಿಯನ್ನು ಕೇಳುವ ಪ್ರಶ್ನೆ. ಸರ್ದಾರ್‌ಖಾನನು ಮಾಡಿದ ಅಪರಾಧವಾದರೂ ಏನು? ಒಡೆಯನು ತನ್ನ ವಶಕ್ಕೆ ಕೊಟ್ಟ ಕೋಟೆಯನ್ನು ಶಕ್ತಿಯಿದ್ದಷ್ಟು ದಿನ ಕಾಪಾಡಿದನು. ಕನ್ನಡ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಇದಕ್ಕೆ ಜೋಳವಾಳಿಯೆಂದೂ ವೇಳೆವಾಳಿಯೆಂದೂ ಹೆಸರು. ಒಡೆಯನ ಜೋಳದ ಋಣವನ್ನು ತೀರಿಸಿ ಸತ್ತವನಿಗೆ ಈ ನಾಡಿನವರು ಊರ ಮುಂದೆ ವೀರಗಲ್ಲನ್ನು ನಿಲ್ಲಿಸಿದ್ದಾರೆ. ಯಾವ ಗುಣಕ್ಕೆ ವೀರಗಲ್ಲು ನಿಲ್ಲಿಸುವರೋ ಆ ಗುಣಕ್ಕೇ ಮೂಗು ಕೊಯ್ಯಿಸಲು ಹೊರಟಾಗ ಪೇಶ್ವೆಯು ಶತ್ರುವನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದನು. ಕಿಲ್ಲೇದಾರನು ಆ ಸ್ಥಾನದಲ್ಲಿ ನಿಲ್ಲಲು ಒಪ್ಪಲಿಲ್ಲ. ತಾನು ನಿರಪರಾಧಿಯೆಂದು ವಾದಿಸಲೂ ಇಲ್ಲ, ದಯೆಯನ್ನು ಬೇಡಲೂ ಇಲ್ಲ. ದೇಹಕ್ಕೆ ಆಗುವುದನ್ನೂ ಕೀರ್ತಿಗೆ ಆಗುವುದನ್ನೂ ಬೇರೆಬೇರೆ ಮಾಡಿ, ಎರಡನೆಯದರ ಬಾಧ್ಯತೆಯನ್ನು ಅಪ್ಪಣೆ ಕೊಡುವವನ ತಲೆಗೆ ಕಟ್ಟಿದನು. ಮೂಗು ಹೋದವನಿಗೆ ಮಾನ ಹೋಯಿತೆಂಬುದು ಲೋಕರೂಢಿ. ಆ ರೂಢಿಯನ್ನು ಅವನು ತಿರುವಿಹಾಕಿದನು. ಪೇಶ್ವೆಯು ಅದನ್ನು ಕೂಡಲೇ ಗ್ರಹಿಸಿದುದು ಅವನ ಹಿರಿಮೆಯೇ ಸರಿ.

ಆದರೂ ಈ ಕಥೆಯನ್ನು ಪೇಶ್ವೆಯ ಔದಾರ್ಯದ ಕಥೆಯೆಂದು ಹೇಳಿ ಮುಗಿಸುವುದು ತಪ್ಪು. ವಿಲ್ಕ್ಸನು ಬಿಡುಗಡೆಯನ್ನು ಹೇಳುವುದು ಕಿಲ್ಲೇದಾರನೊಬ್ಬನ ವಿಷಯದಲ್ಲಿ ಮಾತ್ರ. ಕಾವಲಿನ ಜನರೂ ಅದೇ ಕೋಟೆಯಲ್ಲಿ ಅದೇ ಜೋಳವಾಳಿಯನ್ನು ನಡೆಸಿದವರು. ಅವರನ್ನು ಯಾರೂ ಎದುರಿಗೆ ಕರೆಯಿಸಿ ಪ್ರಶ್ನೆ ಕೇಳಲಿಲ್ಲ. ಆದುದರಿಂದ ಉತ್ತರ ಕೊಡುವ ಅವಕಾಶವೂ ಅವರಿಗಿರಲಿಲ್ಲ. ಸರ್ದಾರ್‌ಖಾನನ ಮಾತು ಸತ್ಯವಾಗಿದ್ದರೆ ಅದು ಅವನೊಬ್ಬನ ವಿಷಯದಲ್ಲಿ ಮಾತ್ರ ಸತ್ಯವಾಗಲಾರದು. ಮಾತು ಬಲ್ಲವನ ಮೂಗನ್ನು ಉಳಿಸಿ ಮಾತಿಲ್ಲದವರ ಮೂಗನ್ನು ಉಳಿಸದ ವಿವೇಕವು ಅರ್ಧ ವಿವೇಕವೇ.

4. ಎತ್ತು ಹೊಡೆಯುವವನ ಮೂಗು

ಮೂರನೆಯ ಸಂಗತಿಯು ಬೈರಮಂಗಲದ ಎರಡು ಪಕ್ಕಗಳ ದಾರಿಗಳಿಗೆ ಸಂಬಂಧಪಟ್ಟ ಯುದ್ಧದಲ್ಲಿಯೇ ನಡೆಯಿತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲೀಸನು ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟಾಗ, ಚನ್ನಪಟ್ಟಣದ ದಾರಿಯನ್ನು ಟೀಪುಸುಲ್ತಾನನು ಹಾಳುಗೆಡವಿದ್ದುದರಿಂದ, ಕಾನಕಾನಹಳ್ಳಿಯ ದಾರಿಯನ್ನು ಹಿಡಿದನು. ಆ ಊರು ಇಂಗ್ಲೀಷರಿಗೆ ಪ್ರಯೋಜನವಾಗಬಾರದೆಂದು ಟೀಪುವು ಅದನ್ನು ಎರಡು ಸಲ ನಾಶಮಾಡಿಸಿದನು. ಮೇ 15ರಂದು ಅರಕೆರೆಯ ಬಳಿ ಇಂಗ್ಲೀಷರಿಗೆ ಜಯವಾಯಿತು. ಆದರೆ ಮೇವಿಲ್ಲದೆ ಎತ್ತುಗಳು ಸಾಯತೊಡಗಿ, ದಂಡಿಗೆ ಧಾನ್ಯವಿಲ್ಲದೆ, ಗೆದ್ದ ಕಾರ್ನ್‌ವಾಲೀಸನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಯಿಸಿ ಹಿಂದಿರುಗಬೇಕಾಯಿತು. ಈ ಯುದ್ಧದಲ್ಲಿ ಕತ್ತಿಗಿಂತ ಎತ್ತು ಹೆಚ್ಚೆಂಬುದು ಎರಡು ಕಡೆಯವರಿಗೂ ಆಗಲೇ ತಿಳಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲೀಷರು ದಾರಿಯ ದುರ್ಗಗಳನ್ನು ಒಂದೊಂದಾಗಿ ಹಿಡಿಯತೊಡಗಿದರು. ಡಿಸೆಂಬರ್ 21ರಂದು ಸಾವನದುರ್ಗವು ಬಿದ್ದಿತು. ಕಾವಲಿನವರಲ್ಲಿ ಅನೇಕರು ಓಡುವಾಗ ಬೆಟ್ಟದ ಕಡಿದಾದ ಮಗ್ಗುಲಿಂದ ಉರುಳಿ ಸತ್ತರು. ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳು ಅದರ ಹಿಂದೆಯೇ ವಶವಾದುವು. 1792ರ ಫೆಬ್ರವರಿಯಲ್ಲಿ ದಂಡು ಶ್ರೀರಂಗಪಟ್ಟಣದ ಮುಂದೆ ನಿಂತಿತು.

ಈ ದಂಡಿನಲ್ಲಿ ಎತ್ತು ಹೊಡೆಯುವವರಲ್ಲಿ ಕಾವಸ್‌ಜಿಯೆಂಬ ಮರಾಠ ಒಕ್ಕಲಿನವನೊಬ್ಬನಿದ್ದನು. ಅವನು ಟೀಪುವಿನ ಕಡೆಯವರ ಕೈಗೆ ಸಿಕ್ಕಿದನು. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕಡಿದು ಬಿಟ್ಟುಬಿಟ್ಟರು. ಅವನು ಇಂಗ್ಲೀಷರ ಮುಂಬಯಿ ದಂಡನ್ನು ಸೇರಿ, ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದು, ಆಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನಿಂದ ಹೊಸ ಮೂಗನ್ನು ಮಾಡಿಸಿಕೊಂಡನು. ಮುಂಬಯಿಯ ಇಬ್ಬರು ಇಂಗ್ಲೀಷ್ ವೈದ್ಯರು ಈ ಶಸ್ತ್ರಕ್ರಿಯೆಯನ್ನು ಕಣ್ಣಾರೆ ಕಂಡರು. ಮೊದಲು ತೆಳುವಾದ ಮೇಣದ ತಗಡನ್ನು ಮೂಗಿನ ಮೊಂಡಿನ ಮೇಲೆ ಅಳವಡಿಸಿ ಅಳತೆ ತೆಗೆಯುವುದು. ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿಟ್ಟು ಗೆರೆ ಎಳೆಯುವುದು. ಗೆರೆಯ ಒಳಗಿನ ಚರ್ಮವನ್ನು ಎರಡು ಕಣ್ಣುಗಳ ನಡುವೆ ಮಾತ್ರ ಅಂಟಿಕೊಂಡಿರುವಂತೆ ಬಿಡಿಸಿ, ಕೆಳಕ್ಕೆ ತಿರುಗಿಸಿ, ಮೂಗಿನ ಸ್ಥಾನದಲ್ಲಿ ಕೂರಿಸುವುದು. ಸುಮಾರು 25ನೆಯ ದಿನ ನಡುವಣ ಅಂಟನ್ನು ಕತ್ತರಿಸುವುದು. ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಚಿತ್ರದೊಡನೆ ಅಚ್ಚಾಯಿತು. ಇದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಇದೇ ಕ್ರಮದಿಂದ ಮೂಗನ್ನು ಮಾಡಿ 1816ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಯೂರೋಪಿನಲ್ಲಿ ಈ ಶಸ್ತ್ರಕ್ರಿಯೆಯು ಮತ್ತೆ ಬಳಕೆಗೆ ಬಂದುದು ಹೀಗೆ.

ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯವನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮರದ ಎಲೆಯಿಂದ ಮೂಗಿನ ಅಳತೆಯನ್ನು ತೆಗೆದು, ಕೆನ್ನೆಯ ಚರ್ಮವನ್ನು ಅಂಟು ಬಿಡದಂತೆ ಬಿಡಿಸಿ, ಮೂಗಿನ ಕಡೆಗೆ ತಿರುಗಿಸಿ, ಉಸಿರಾಡಲು ಎರಡು ನಾಳಗಳನ್ನಿಟ್ಟು, ಚೂರ್ಣವನ್ನು ಉದುರಿಸಿ, ಎಳ್ಳೆಣ್ಣೆಯನ್ನು ಸೇಚನೆ ಮಾಡುವ ವಿಧಾನವು ಅಲ್ಲಿದೆ. ಪ್ರಾಚೀನ ಭಾರತೀಯರ ವೈದ್ಯಕೌಶಲವನ್ನು ಹೊಗಳುವವರು ಈ ಅಧ್ಯಾಯವನ್ನು ಪದೇಪದೇ ತೋರಿಸುತ್ತಾರೆ. ಹೊಗಳಿಕೆಯು ನ್ಯಾಯವಾದುದೇ. ಆದರೆ ಒಂದು ವಿದ್ಯೆಯು ಇಷ್ಟು ಪರಿಷ್ಕಾರಕ್ಕೆ ಬರಬೇಕಾದರೆ ಅದಕ್ಕೆ ಬೇಕಾದ ರೋಗಿಗಳೂ ಪೀಳಿಗೆ ಪೀಳಿಗೆಯಾಗಿ ದೊರೆಯುತ್ತಿದ್ದಿರಬೇಕು. ಮೂಗು ಜೋಡಿಸುವ ಕೈಯ ಕುಶಲತೆಯು ಮೂಗು ಕೊಯ್ಯುವ ಕೈಯ ಅಭ್ಯಾಸಕ್ಕೆ ಸಾಕ್ಷಿ. ಸುಶ್ರುತನನ್ನು ಹೊಗಳುವಾಗ ಈ ಎರಡನೆಯ ಅರ್ಥವನ್ನು ಮರೆಯತಕ್ಕದ್ದಲ್ಲ.

ಕಾವಸ್‌ಜಿಯು ಸೈನಿಕನಲ್ಲ, ಕೂಲಿಗೆ ಎತ್ತು ಹೊಡೆದವನು. ಕೌಟಿಲ್ಯನು ಅಭಯಕ್ಕೆ ಅರ್ಹರೆಂದು ಎಣಿಸಿದವರಲ್ಲಿ ಕಡೆಯವರಾದ ಯುದ್ಧಮಾಡದವರ ಗುಂಪಿಗೆ ಸೇರಿದವನು. ನಿಜಗಲ್ಲಿನಲ್ಲಿ ಶತ್ರುವನ್ನು ಅಪರಾಧಿಯೆಂದು ಎಣಿಸಿದರು. ಇಲ್ಲಿ ಎತ್ತು ಹೊಡೆಯುವವನನ್ನೇ ಶತ್ರುವೆಂದೂ ಅಪರಾಧಿಯೆಂದೂ ಎಣಿಸಿದರು. ಒಮ್ಮೆ ಗೆರೆಯನ್ನು ದಾಟಿದ ಮೇಲೆ ಅದು ಎಲ್ಲಿ ನಿಲ್ಲುವುದೆಂಬುದಕ್ಕೆ ಕಟ್ಟಿಲ್ಲ.

5. ಪೂರ್ವಪಕ್ಷ ಮತ್ತು ಸಿದ್ಧಾಂತ

ಈ ಹಿಂಸೆಗಳನ್ನು ಯಾವುದೋ ಒಂದು ಮತದವರ ಅಥವಾ ಒಂದು ಜನಾಂಗದವರ ಸ್ವಭಾವಕ್ಕೆ ಕಟ್ಟುವ ವಾಡಿಕೆಯುಂಟು. ಮೇಲೆ ಹೇಳಿದ ಮೂರು ಸಂಗತಿಗಳಲ್ಲಿ ಮೊದಲನೆಯದು ವೈಷ್ಣವ ರಾಜವಂಶದ ಕಾಲದ್ದು, ಎರಡನೆಯದನ್ನು ಅಪ್ಪಣೆ ಮಾಡಿದವನು ಬ್ರಾಹ್ಮಣ, ಮೂರನೆಯದು ಮುಸಲ್ಮಾನ ಸುಲ್ತಾನನ ಕಾಲದ್ದು. ಆ 1791ರಲ್ಲಿಯೇ ಪರಶುರಾಮಭಾವುವಿನ ದಂಡಿನ ಕಡೆಯ ಮಹಾರಾಷ್ಟ್ರರು ಶೃಂಗೇರಿಯ ಮಠವನ್ನು ಕೊಳ್ಳೆಹೊಡೆದರು. ಮಠದ ಪುನರುದ್ಧಾರಕ್ಕೆ ಹಣವನ್ನು ಕಳುಹಿಸಿದವನು ಟೀಪು. ಅವನು ಸ್ವಾಮಿಗಳಿಗೆ ಬರೆಯಿಸಿದ ಕನ್ನಡ ಕಾಗದಗಳನ್ನು ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದರು. ಸೆರೆಸಿಕ್ಕಿದ ಇಂಗ್ಲೀಷರು ಶ್ರೀರಂಗಪಟ್ಟಣದಲ್ಲಿ ಸಂಕೋಲೆಗಳಲ್ಲಿ ಪಟ್ಟ ಪಾಡನ್ನು ಬ್ರಿಸ್ಟೋ, ಸ್ಕರಿ ಮೊದಲಾದವರು ಬರೆದಿದ್ದಾರೆ. ಸುಲ್ತಾನನನ್ನು ಹಳಿಯುವುದಕ್ಕೆ ಆ ಗ್ರಂಥಗಳನ್ನು ಇಂಗ್ಲೆಂಡಿನಲ್ಲಿ ಚೆನ್ನಾಗ ಬಳಸಿಕೊಂಡರು. ಅದರಿಂದ ಆ ಸೆರೆಯಾಳುಗಳು ಪಟ್ಟ ನೋವು ಸುಳ್ಳಾಗುವುದಿಲ್ಲ. ಹಾಗೆ ಹಳಿದ ಇಂಗ್ಲೀಷರ ಆಡಳಿತದಲ್ಲಿಯೇ, ಬಳ್ಳಾರಿ ಮತ್ತು ದಕ್ಷಿಣ ಕನ್ನಡಗಳು ಸೇರಿದ್ದ ಮದರಾಸು ಪ್ರೆಸಿಡೆನ್ಸಿಯಲ್ಲಿ, ಕಂದಾಯದ ವಸೂಲಿಗೂ ತಪ್ಪೊಪ್ಪಿಸುವುದಕ್ಕೂ ಬೆರಳುಗಳನ್ನು ಕಿಟ್ಟಿಯೆಂಬ ಮರದ ಇಕ್ಕಳದಲ್ಲಿ ಅದುಮುತ್ತಿದ್ದ ಸಂಗತಿಯು 1855ರ ಸರ್ಕಾರಿ ವಿಚಾರಣಾ ಸಮಿತಿಯ ವರದಿಯಿಂದಲೇ ಹೊರಬಿತ್ತು. ಆದುದರಿಂದ ಈ ದೋಷವು ಒಂದು ಕುಲದ್ದಲ್ಲ. ಕೈಯಲ್ಲಿ ಅಧಿಕಾರವೂ ಎದುರಿಗೆ ಅಸಹಾಯನೂ ಇರುವ ಕಡೆಯಲ್ಲೆಲ್ಲ ಹುಟ್ಟುವಂಥದು.

ಇನ್ನು ಪೂರ್ವಪಕ್ಷದವರ ಮುಖ್ಯವಾದ ವಾದವು ಆಪದ್ಧರ್ಮದ್ದು. ರಾಜ್ಯಕ್ಕೇ ಅಪಾಯ ಬಂದಾಗ ಸಾಮಾನ್ಯಧರ್ಮವನ್ನು ಬದಿಗಿಡಬಹುದು. ಒಬ್ಬನನ್ನು ಹಿಂಸಿಸಿ ಸಾವಿರ ಜನರನ್ನು ಉಳಿಸುವುದಾದರೆ ಹಿಂಸೆಯೇ ಧರ್ಮ, ಎಂದು ಅವರು ಹೇಳುತ್ತಾರೆ. ಇದಕ್ಕೆ ಮೂರು ಸಮಾಧಾನಗಳುಂಟು.

ಮೊದಲನೆಯದು ಫಲದ ವಿಷಯ. 1656ರ ಮೂಗುಗಳಿಂದ ಮೈಸೂರಿಗೆ ಮಧುರೆಯು ದಕ್ಕಲಿಲ್ಲ, ಮಧುರೆಯ ದಂಡು ಮೈಸೂರಿಗೆ ಬಂದಿತು. 1770ರ ಮೂಗುಗಳಿಂದ ಪೇಶ್ವೆಯ ಯುದ್ಧವು ಮುಗಿಯಲಿಲ್ಲ, ಇನ್ನೆರಡು ವರ್ಷ ನಡೆಯಿತು. ಕಾವಸ್‌ಜಿಯ ಮೂಗಿನಿಂದ ಕಾರ್ನ್‌ವಾಲೀಸನ ಎತ್ತುಗಳು ನಿಲ್ಲಲಿಲ್ಲ. 1792ರ ಮಾರ್ಚಿಯ ಕೌಲಿನಲ್ಲಿ ಟೀಪುವು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಕೊಂಡು ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಡಬೇಕಾಯಿತು.

ಎರಡನೆಯದು ಪ್ರಮಾಣದ ವಿಷಯ. ಹಿಂಸೆಯಿಂದ ಸಾವಿರ ಜನರನ್ನು ಉಳಿಸುವ ಸತ್ಯವು ಹೊರಬೀಳುವುದೆಂಬ ನಂಬಿಕೆಯು ಮಾಂಡವ್ಯನ ದೃಷ್ಟಾಂತದಿಂದಲೇ ಬಿದ್ದುಹೋಗುತ್ತದೆ. ನೋವು ತಡೆಯಲಾರದವನು ನೋವು ನಿಲ್ಲುವ ಮಾತನ್ನು ಹೇಳುತ್ತಾನೆ. ಅದು ನಿಜವಾದ ಮಾತೇ ಆಗಿರಬೇಕೆಂಬ ನಿಯಮವಿಲ್ಲ.

ಮೂರನೆಯದು, ಮತ್ತು ಮುಖ್ಯವಾದುದು, ಆಪದ್ಧರ್ಮವೆಂಬ ಶಬ್ದದ ಅರ್ಥದ ವಿಷಯ. ಶಾಂತಿಪರ್ವದ ಆಪದ್ಧರ್ಮಪ್ರಕರಣದಲ್ಲಿ ಬರಗಾಲದ ವಿಶ್ವಾಮಿತ್ರನು ಚಂಡಾಲನ ಮನೆಯ ನಾಯಿಯ ಮಾಂಸವನ್ನು ತಿನ್ನಲು ಹೊರಡುತ್ತಾನೆ. ಅಲ್ಲಿ ಅವನು ಕೆಡಿಸಿಕೊಳ್ಳುವುದು ತನ್ನ ಆಚಾರವನ್ನು. ಅದರ ದೋಷವನ್ನು ಹೊರುವವನೂ ಅವನೇ. ಆಪತ್ತಿನಲ್ಲಿ ತನ್ನ ಧರ್ಮವನ್ನು ಸಡಿಲಿಸಿಕೊಳ್ಳಲು ಅವಕಾಶವುಂಟೇ ಹೊರತು, ಕೈಕಟ್ಟಿ ನಿಂತ ಇನ್ನೊಬ್ಬನ ದೇಹವನ್ನು ತನ್ನ ಆಪತ್ತಿಗೆ ಬೆಲೆಯಾಗಿ ಕೊಡಲು ಆ ಕಥೆಯಿಂದ ಅನುಮತಿ ದೊರೆಯುವುದಿಲ್ಲ. ಆಪತ್ತಿನ ಹೆಸರಿನಲ್ಲಿ ಅಸಹಾಯರ ಮೇಲೆ ಕೈಮಾಡಿದವನ ಕಥೆಯೂ ಮಹಾಭಾರತದಲ್ಲಿಯೇ ಇದೆ. ತಂದೆಯನ್ನು ಅಧರ್ಮದಿಂದ ಕೊಂದರೆಂಬುದು ಅಶ್ವತ್ಥಾಮನ ಕಾರಣ. ಆ ಕಾರಣವು ಸುಳ್ಳಲ್ಲ. ಆದರೂ ನಿದ್ರಿಸುತ್ತಿದ್ದವರನ್ನು ಕೊಂದ ಅವನು ಶಿರೋಮಣಿಯನ್ನು ಕಳೆದುಕೊಂಡು, ರಕ್ತ ಕೀವುಗಳ ದುರ್ಗಂಧವನ್ನು ಹೊತ್ತು, ಮೂರು ಸಾವಿರ ವರ್ಷ ಒಬ್ಬನೇ ಅಲೆಯುವಂತಾಯಿತು. ಸತ್ತ ಪಾಂಡವಕುಮಾರರ ಹೆಸರಿಗೆ ಕಳಂಕ ತಗಲಲಿಲ್ಲ. ಅಂಗಭಂಗವು ಮಾಡಿಸಿಕೊಂಡವನದು, ಅಪಕೀರ್ತಿಯು ಮಾಡಿದವನದು ಎಂದು ಸರ್ದಾರ್‌ಖಾನನು ಹೇಳಿದುದನ್ನೇ ವ್ಯಾಸರು ಕಥೆಯಾಗಿ ತೋರಿಸಿದ್ದಾರೆ.

ಆಧುನಿಕ ಕಾಲದ ರಾಷ್ಟ್ರಗಳು ಇದೇ ನಿರ್ಣಯಕ್ಕೆ ಎರಡು ಮಹಾಯುದ್ಧಗಳಾದ ಮೇಲೆ ಬಂದುವು. 1949ರ ಜಿನೀವಾ ಒಪ್ಪಂದಗಳ ಮೂರನೆಯ ವಿಧಿಯು ಶಸ್ತ್ರವನ್ನು ಬಿಟ್ಟವರನ್ನೂ ಯುದ್ಧದಲ್ಲಿ ಭಾಗವಹಿಸದವರನ್ನೂ ಹಿಂಸಿಸುವುದನ್ನು ನಿಷೇಧಿಸುವಾಗ ಅಂಗಭಂಗವನ್ನು ಬೇರೆಯಾಗಿ ಹೆಸರಿಸಿಯೇ ನಿಷೇಧಿಸಿದೆ. ಭಾರತವು ಅವನ್ನು 1950ರಲ್ಲಿ ಅಂಗೀಕರಿಸಿತು. ಸಂಯುಕ್ತ ರಾಷ್ಟ್ರಗಳ 1984ರ ಚಿತ್ರಹಿಂಸಾವಿರೋಧಿ ಒಪ್ಪಂದವು ಯುದ್ಧವಾಗಲಿ ಬೇರೆ ಯಾವ ಆಪತ್ತಾಗಲಿ ಚಿತ್ರಹಿಂಸೆಗೆ ಸಮರ್ಥನೆಯಾಗಲಾರದೆಂದು ಹೇಳಿ, ಆಪದ್ಧರ್ಮದ ವಾದಕ್ಕೆ ನೇರವಾಗಿಯೇ ಉತ್ತರ ಕೊಟ್ಟಿದೆ. ಭಾರತವು ಇದಕ್ಕೆ 1997ರಲ್ಲಿ ಸಹಿ ಹಾಕಿದೆ.

ಕನ್ನಡವನ್ನು ಬೋಧಿಸುವವರು ವೀರಗಲ್ಲುಗಳನ್ನೂ ವೀರಕಾವ್ಯಗಳನ್ನೂ ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ, ಜೋಳವಾಳಿಯ ಪಕ್ಕದಲ್ಲಿ ಅಭಯವೆಂಬ ಇನ್ನೊಂದು ಶಬ್ದವನ್ನೂ ಇಟ್ಟು ಹೇಳಬೇಕು. ಜೋಳವಾಳಿಯು ಸೇವಕನ ಧರ್ಮ. ಅಭಯವು ಗೆದ್ದವನ ಧರ್ಮ. ಮೊದಲನೆಯದನ್ನು ನಡೆಸಿದವರಿಗೆ ನಾಡಿನ ತುಂಬ ಕಲ್ಲುಗಳಿವೆ. ನಿಜಗಲ್ಲಿನ ಕಾವಲಿನವರಿಗೂ ಕಾವಸ್‌ಜಿಗೂ ಎರಡನೆಯದು ಸಿಕ್ಕಲಿಲ್ಲ. ಅವರಲ್ಲಿ ಕಾವಸ್‌ಜಿಯ ಹೆಸರು ಅವನ ಹೊಸ ಮೂಗಿನ ದೆಸೆಯಿಂದ ಉಳಿಯಿತು. ನಿಜಗಲ್ಲಿನ ಕಾವಲಿನವರಲ್ಲಿ ಕಿಲ್ಲೇದಾರನೊಬ್ಬನ ಹೆಸರನ್ನು ಮಾತ್ರ ಚರಿತ್ರೆಯು ಬರೆದಿಟ್ಟಿದೆ.